ಸ್ನೂಪಿಂಗ್ ಬಂದ್ ಮಾಡಿದ ಸಂಜೆ

ಆ ಸಂಜೆ ಮೊದಲು ಟಿವಿ ನಿಂತಿತೋ, ಮೊದಲು ಪಕ್ಕದ ಮನೆಯ ಕೊಟ್ರೇಶಪ್ಪ ಒಳಗೆ ಬಂದರೋ, ನನಗೆ ಈಗಲೂ ಖಚಿತವಿಲ್ಲ. ನನ್ನ ನೆನಪಿನಲ್ಲಿ ಕೊಟ್ರೇಶಪ್ಪ ಮೊದಲು. ಹೆಂಡತಿ ಸುಜಾತಾಳ ನೆನಪಿನಲ್ಲಿ ಟಿವಿ ಮೊದಲು. ನಮ್ಮ ಅತ್ತೆಯನ್ನು ಕೇಳಿದರೆ, "ಮೊದ್ಲು ನಿಂತಿದ್ದು ನಿಮ್ಮ ಬುದ್ಧಿ" ಎನ್ನುತ್ತಾರೆ. ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಕಣ್ಣಾರೆ ಕಂಡದ್ದನ್ನೂ ಅನುಮಾನಿಸಬೇಕೆಂದು ಕಲಿತವನು. ಅವತ್ತು ಎಲ್ಲವನ್ನೂ ಅನುಮಾನಿಸಿದೆ, ನನ್ನೊಬ್ಬನನ್ನು ಬಿಟ್ಟು!

ಸಂಗತಿ ಇಷ್ಟು. ಸುಜಾತಾ ತನ್ನ ತಂಗಿಯ ಜೊತೆ ಹೊಸಪೇಟೆಗೆ ಹೋಗಿ, ಒಂದು ವಾಹಿನಿಯ ಅಡುಗೆ ಕಾರ್ಯಕ್ರಮದಲ್ಲಿ ಶೇಂಗಾ ಹೋಳಿಗೆ ಮಾಡಿ ಬಂದಿದ್ದಳು. ಅದು ಪ್ರಸಾರವಾಗುವ ದಿನ ಬಂತು. ಒಂದೇ ಸಲ ತೋರಿಸುತ್ತೇವೆ, ಮತ್ತೆ ಹಾಕುವುದಿಲ್ಲ ಎಂದು ವಾಹಿನಿಯವರು ಮೊದಲೇ ಹೇಳಿದ್ದರು. ಕೊಟ್ಟೂರಿನ ನಮ್ಮ ಓಣಿಯಲ್ಲಿ "ಮನಿಗೊಬ್ರು ಬರ್ರಿ" ಎಂದು ಕರೆಯುವುದು ಬೇರೆ, "ಮನಿಮಂದಿಯೆಲ್ಲ ಬರ್ರಿ" ಎಂದು ಕರೆಯುವುದು ಬೇರೆ. ಸುಜಾತಾ ಎರಡನೆಯದನ್ನು ಹೇಳಿ ಬಂದಿದ್ದಳು.

ಅಷ್ಟು ಜನ ನಮ್ಮ ಒಳಕೋಣೆಯಲ್ಲಿ ಹಿಡಿಯುವುದಿಲ್ಲ. ದೊಡ್ಡ ಟಿವಿ ಪಡಸಾಲೆಗೆ ಬರಬೇಕು. ನಮ್ಮದೋ ಇಂಟರ್ನೆಟ್ಟಿನಲ್ಲಿ ಬರುವ ಟಿವಿ. ವೈರು ಪಡಸಾಲೆಯವರೆಗೆ ಎಟುಕುವುದಿಲ್ಲ.

"ಇಂಟರ್ನೆಟ್ ಲೈನಿನವ್ರನ್ನ ಕರೀರಿ" ಎಂದಳು ಸುಜಾತಾ.

"ಅವ್ರ್ಯಾಕ? ನಾ ಇಲ್ಲೇನು?" ಎಂದೆ. ಆಗ ಅವಳು ನನ್ನನ್ನು ನೋಡಿದ ರೀತಿ ಪ್ರೀತಿ ಎಂದು ತಿಳಿದೆ. ಈಗ ಅನುಮಾನ.

ಪೇಟೆಗೆ ಹೋಗಿ ರಿಪೀಟರ್ ಎಂಬ ಸಣ್ಣ ಡಬ್ಬಿ ತಂದೆ. ವೈಫೈಯನ್ನು ಒಂದು ಕಡೆ ಹಿಡಿದು ಇನ್ನೊಂದು ಕಡೆ ಬಿಡುವ ಸಾಧನ.

"ಏನ್ ಮಾಡ್ತೈತ್ರಿ ಇದು?" ಸುಜಾತಾ ಕೇಳಿದಳು.

"ಹೇಳಿದ್ದನ್ನ ಮತ್ತ ಹೇಳ್ತೈತಿ."

"ಆ ಕೆಲಸಕ್ಕ ನೀವ ಅದೀರಲ್ರಿ. ಮತ್ತೊಂದ್ಯಾಕ ತಂದ್ರಿ?"

ವಿದ್ವಾಂಸನು ಇಂಥ ಮಾತುಗಳನ್ನು ಕಿವಿಗೆ ಹಾಕಿಕೊಳ್ಳಬಾರದು. ಹಾಕಿಕೊಳ್ಳಲಿಲ್ಲ. ಒಳಕೋಣೆಯಲ್ಲಿ ಹಳೆಯ ಟಿವಿಯನ್ನು ಇನ್ನೊಂದು ಸೆಟ್‌ಟಾಪ್ ಡಬ್ಬಿಯ ಸಮೇತ ಅತ್ತೆಗೆ ಬಿಟ್ಟುಕೊಟ್ಟು, ದೊಡ್ಡದನ್ನು ಪಡಸಾಲೆಯಲ್ಲಿ ಪ್ರತಿಷ್ಠಾಪಿಸಿದೆ. ಚಿತ್ರ ಬಂತು! ಬಣ್ಣ ಬಂತು! ಧ್ವನಿಯೂ ಬಂತು! ಇಲ್ಲಿಗೆ ಕೈ ತೊಳೆದುಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಆದರೆ ಸುಮ್ಮನೆ ಒಮ್ಮೆ ನೋಡೋಣವೆಂದು ರೂಟರಿನ ಸೆಟ್ಟಿಂಗ್ ಪುಟ ತೆರೆದೆ. ಲೈನಿನವರು ಹಾಕಿಕೊಡುವಾಗ "ಇದೊಂದು ಮುಟ್ಟಬ್ಯಾಡ್ರಿ ಸರ" ಎಂದಿದ್ದ ಪುಟವದು. ಯಾವುದನ್ನು ಮುಟ್ಟಬಾರದೆನ್ನುತ್ತಾರೋ ಅಲ್ಲೇ ಸತ್ಯ ಅಡಗಿರುತ್ತದೆ ಎಂಬುದು ನನ್ನ ನಂಬಿಕೆ. ಅಡಗಿತ್ತು! 'ಮಲ್ಟಿಕಾಸ್ಟ್' ಎಂಬ ಶೀರ್ಷಿಕೆಯ ಕೆಳಗೆ 'ಐಜಿಎಂಪಿ ಸ್ನೂಪಿಂಗ್' ಎಂದಿತ್ತು, ಎದುರಿಗೆ ಹಸಿರು ಟಿಕ್ಕು.

ಐಜಿಎಂಪಿ ಎಂದರೇನೋ ಗೊತ್ತಾಗಲಿಲ್ಲ. ಸ್ನೂಪಿಂಗ್ ಗೊತ್ತಿತ್ತು. ಗೊತ್ತಿದ್ದರೂ ನಿಘಂಟು ತೆಗೆದೆ. ಕದ್ದು ನೋಡುವುದು, ಇಣುಕುವುದು, ಪರರ ವಿಷಯದಲ್ಲಿ ಮೂಗು ತೂರಿಸುವುದು!

"ಸುಜಾತಾ! ನಮ್ಮ ಮನ್ಯಾಗ ಗೂಢಚಾರ ಕುಂತಾನ!"

"ಯಾರ್ರಿ? ಕೊಟ್ರೇಶಪ್ಪಾರಾ?" ಎನ್ನುತ್ತ ಅವಳು ಅಡುಗೆಮನೆಯಿಂದ ಓಡಿ ಬಂದಳು. ಕೈಯೆಲ್ಲ ಹೂರಣ.

ಪ್ರಜೆಯ ಖಾಸಗಿತನದ ಬಗ್ಗೆ ಒಂದು ಕಿರು ಉಪನ್ಯಾಸ ಕೊಟ್ಟೆ. "ಟಿವಿ ಬರತೈತಿಲ್ಲ? ಮತ್ತ ಅದನ್ನ ಯಾಕ ಕೆದಕ್ತೀರಿ?" ಎಂದು ಅವಳು ಹೋಳಿಗೆಗೆ ಮರಳಿದಳು. ನಾನು ನಾಗರಿಕ ಸ್ವಾತಂತ್ರ್ಯದ ಹೆಸರಿನಲ್ಲಿ ಟಿಕ್ಕು ತೆಗೆದೆ. ಟಿವಿ ಹಾಗೆಯೇ ಓಡುತ್ತಿತ್ತು. ನೋಡಿದಿರಾ, ಗೂಢಚಾರನಿಲ್ಲದೆಯೂ ರಾಜ್ಯ ನಡೆಯುತ್ತದೆ!

ಸಂಜೆ ಪಡಸಾಲೆ ತುಂಬಿತು. ಮನೆಮಂದಿಯೆಲ್ಲ ಎಂದರೆ ನಿಜವಾಗಿಯೂ ಮನೆಮಂದಿಯೆಲ್ಲ. ಸುಜಾತಾ ಹೊಸ ಇಳಕಲ್ ಸೀರೆಯಲ್ಲಿ ನಡುವೆ ಕುಳಿತಳು. ತೆರೆಯ ಮೇಲೂ ಅವಳೇ, ಕಣಕ ನಾದುತ್ತಿದ್ದಳು. ಓಣಿಯ ಹೆಂಗಸರು "ಎಷ್ಟ್ ಚೆಂದ ಕಾಣ್ತಿ ಬೇ" ಎಂದರು. ಹಗರಿಬೊಮ್ಮನಹಳ್ಳಿಯಿಂದ ಮಗಳ ಕಾರ್ಯಕ್ರಮಕ್ಕೆಂದೇ ಬಂದಿದ್ದ ಅತ್ತೆ ಮಾತ್ರ ಎದ್ದು ಒಳಕೋಣೆಗೆ ಹೊರಟರು.

"ಅತ್ತೀ, ಎಲ್ಲಿಗೆ?"

"ಸೀರಿಯಲ್ಲಿನ ಹೊತ್ತಾತು. ಮಗಳನ್ನ ಮನ್ಯಾಗ ನೋಡೀನಲ್ಲ!"

ತೆರೆಯ ಮೇಲೆ ನಿರೂಪಕಿ ನಗುತ್ತ ಕೇಳಿದಳು: "ನಿಮ್ಮ ಯಜಮಾನರ ಬಗ್ಗೆ ಒಂದು ಮಾತು ಹೇಳಿ." ಇಡೀ ಪಡಸಾಲೆ ನನ್ನ ಕಡೆ ತಿರುಗಿತು. ನಾನು ಕಾಲರ್ ಸರಿಮಾಡಿಕೊಂಡೆ. ತೆರೆಯ ಸುಜಾತಾ ನಾಚಿ ಬಾಯಿ ತೆರೆದಳು.

"ನಮ್ಮ ಮನಿಯವ್ರು..."

ಅಷ್ಟರಲ್ಲಿ ಅವಳ ಮುಖ ಚೌಕ ಚೌಕವಾಗಿ ಒಡೆಯಿತು. ಒಂದು ಕಣ್ಣು ಒಲೆಯ ಮೇಲೆ, ಇನ್ನೊಂದು ಲಟ್ಟಣಿಗೆಯ ಮೇಲೆ.

"...ಕೆಟ್ಟ..."

ನಿಂತಿತು. ಬಾಯಿ ತೆರೆದಂತೆಯೇ ನಿಂತಿತು!

ಪಡಸಾಲೆಯಲ್ಲಿ ಸೆರಗಿನೊಳಗಿನ ನಗು. ಒಳಗಿನಿಂದ ಅತ್ತೆಯ ಕೂಗು: "ಅಳಿಯಂದ್ರ, ಇದೂ ನಿಂತೈತಿ!" ಬಾಗಿಲೊಳಗೆ ಆಗಲೇ ಬಂದು ನಿಂತಿದ್ದರು ಕೊಟ್ರೇಶಪ್ಪ, ಕೈಯಲ್ಲಿ ಮೊಬೈಲು. ಅವರಿಗೂ ನಮ್ಮ ವೈಫೈಯೇ. "ಸರ, ಕಬಡ್ಡಿ ನಿಂತ್ಬಿಡ್ತಲ್ರಿ! ರೈಡಿಗೆ ಹೋದಾಂವ ವಾಪಸ್ಸ ಬರವಲ್ಲ!"

ರೂಟರನ್ನು ಆರಿಸಿ ಹಚ್ಚಿದೆ. ರಿಪೀಟರನ್ನು ಕಿತ್ತು ಸಿಕ್ಕಿಸಿದೆ. ತಟ್ಟಿದೆ. ಕೊಟ್ರೇಶಪ್ಪ ಊದಿಯೂ ನೋಡಿದರು. ಕೊನೆಗೆ ಆ ಪುಟ ತೆರೆದಾಗ, ಟಿಕ್ಕಿನ ಕೆಳಗೆ ಸಣ್ಣ ಅಕ್ಷರದಲ್ಲಿ ವಿವರಣೆ ಕಂಡಿತು. ಮೊದಲು ಅದನ್ನು ಓದಿರಲಿಲ್ಲ. ನಿಘಂಟು ಇರುವವನು ವಿವರಣೆ ಓದುತ್ತಾನೆಯೇ? ಯಾವ ಟಿವಿ ಯಾವ ವಾಹಿನಿ ಕೇಳಿದೆ ಎಂದು ಇಣುಕಿ ನೋಡಿ, ಅದಕ್ಕಷ್ಟೇ ಕಳಿಸುವುದು ಸ್ನೂಪಿಂಗಿನ ಕೆಲಸವಂತೆ. ಅದಿಲ್ಲದಿದ್ದರೆ ಮನೆಯಲ್ಲಿ ಯಾರು ಯಾವ ವಾಹಿನಿ ಕೇಳಿದರೂ ಅದು ಎಲ್ಲರ ಮೇಲೂ ಸುರಿಯುತ್ತದಂತೆ. ಒಂದು ಟಿವಿ ಇದ್ದಾಗ ವೈಫೈ ಹೇಗೋ ತಡೆದುಕೊಂಡಿತ್ತು. ಅತ್ತೆಯ ಸೀರಿಯಲ್ಲೂ ಸೇರಿದಾಗ ಉಸಿರು ಕಟ್ಟಿತ್ತು.

ಸುಜಾತಾಳಿಗೆ ಇದನ್ನು ಮೆಲ್ಲಗೆ ವಿವರಿಸಿದೆ. ಅವಳು ಪೂರ್ತಿ ಕೇಳಿ ಹೇಳಿದಳು: "ಅಂದ್ರ, ಪಂಕ್ತಿಯಾಗ ಯಾರಿಗೆ ಏನ್ ಬೇಕು ಅಂತ ಬಗ್ಗಿ ನೋಡಿ ಬಡಸೋನ್ನ ಕಳ್ಳ ಅಂತ ಹೊರಗ ಹಾಕಿ, ಹೋಳಿಗಿ ಸಾರು ಎಲ್ಲಾ ಎಲ್ಲಾರ ತಲಿಮ್ಯಾಲೆ ಸುರುವಿದ್ರಿ."

ಟಿಕ್ಕು ಹಾಕಿದೆ. ಚಿತ್ರ ಬಂತು. ತೆರೆಯ ಮೇಲೆ ಯಾರೋ ಕೊಬ್ಬರಿ ಎಣ್ಣೆ ಮಾರುತ್ತಿದ್ದರು. ಕಾರ್ಯಕ್ರಮ ಮುಗಿದಿತ್ತು.

ಬಂದವರು ಹೋಳಿಗೆ ತಿಂದು, ನನ್ನನ್ನು ಕನಿಕರದಿಂದ ನೋಡುತ್ತ ಹೋದರು. "ಇರ್ಲಿ ಬಿಡ್ರಿ ಸರ, ಹೆಣ್ಮಕ್ಳು ಮನಸಿನಾಗಿದ್ದು ಎಲ್ಲೆರ ಹೇಳ್ಬೇಕಲ್ರಿ" ಎಂದು ಕೊಟ್ರೇಶಪ್ಪ ಬೆನ್ನು ತಟ್ಟಿದರು. ಅವರು ಹೋದ ಮೇಲೆ ಹೆಂಡತಿಯನ್ನು ಕೇಳಿದೆ, "ಕೆಟ್ಟ ಅಂದ್ಯಲ್ಲ, ಮುಂದ ಏನಂದಿ?"

"ಊರ ಮುಂದ ಹೇಳಿದ್ದೆ. ನೀವ ಬಂದ್ ಮಾಡಿದ್ರಿ. ಈಗ ಹೇಳಂಗಿಲ್ಲ." ಅವಳ ಕಣ್ಣು ತುಂಬಿತ್ತೆಂದು ನನ್ನ ನೆನಪು. ಹೋಳಿಗೆ ಹಂಚಿನ ಹೊಗೆ ಎಂದು ಅವಳ ವಾದ. ಇದೂ ಇತ್ಯರ್ಥವಾಗಿಲ್ಲ.

ನಾನು ಪರಿಶೀಲಿಸಿ ಖಚಿತಪಡಿಸಿಕೊಂಡದ್ದು ಒಂದನ್ನೇ. ಆಮೇಲೊಮ್ಮೆ ಹರಪನಹಳ್ಳಿಗೆ ಹೋದಾಗ ನಾದಿನಿ, ತನ್ನ ಮನೆಯ ಟಿವಿಯಿಂದ ಮೊಬೈಲಿನಲ್ಲಿ ಹಿಡಿದುಕೊಂಡಿದ್ದ ಕಾರ್ಯಕ್ರಮ ತೋರಿಸಿದಳು. ಆ ಜಾಗಕ್ಕೆ ಬಂದಾಗ ನಿಲ್ಲಿಸಿ, ಹಿಂದಕ್ಕೆ ತಳ್ಳಿ, ಮತ್ತೆ ಕೇಳಿದೆ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಸುಜಾತಾ ನಾಚುತ್ತ ಹೇಳಿದ್ದಳು: "ನಮ್ಮ ಮನಿಯವ್ರು ಭಾಳ ಶಾಣ್ಯಾರದಾರ್ರಿ. ಕೆಟ್ಟ ಸಾಮಾನು ಯಾವ್ದ ಇರ್ಲಿ, ಅವ್ರು ಒಮ್ಮಿ ಕೈ ಹಚ್ಚಿದ್ರ ಸಾಕು!"