ಎಂಟನೇ ನಂಬರಿನ ಸಾಹೇಬರು

ನಮ್ಮ ಇಲಾಖೆಯಲ್ಲಿ ಮುಖದ ಸ್ಪಷ್ಟತೆಯನ್ನು ಹುದ್ದೆಗೆ ತಕ್ಕಂತೆ ಮಂಜೂರು ಮಾಡಲಾಗುತ್ತದೆ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಎಲ್ಲರಿಗೂ ಹೊಸ ಗುರುತಿನ ಚೀಟಿ ಮಾಡಿಸುವಾಗ ನಿರ್ದೇಶಕರು ಫೋಟೋಗ್ರಾಫರನ್ನು ಕೇಳಿದರು: "ಲೆನ್ಸಿನ ಮೇಲೆ ಈ ನಂಬರೆಲ್ಲ ಏನ್ರೀ?"

"ಅಪರ್ಚರ್ ಸಾರ್. ಒಳಗೆ ಬೆಳಕು ಬಿಡೋ ಕಿಂಡಿ. ಎರಡಕ್ಕಿಟ್ರೆ ಪೂರ್ತಿ ತೆರೆಯುತ್ತೆ, ನಮ್ಮ ಹಳೇ ಲೆನ್ಸಲ್ಲಿ ಚಿತ್ರ ಮಬ್ಬಾಗುತ್ತೆ. ಇಪ್ಪತ್ತೆರಡಕ್ಕಿಟ್ರೆ ಕಿಂಡಿ ತೀರಾ ಸಣ್ಣದು, ಬೆಳಕು ಅಂಚಿಗೆ ತಾಗಿ ಚದುರುತ್ತೆ, ಆಗಲೂ ಮಬ್ಬೇ. ಎಂಟರಲ್ಲಿ ಮಾತ್ರ ರೆಪ್ಪೆಗೂದಲು ಎಣಿಸಬಹುದು."

"ಎಲ್ಲರಿಗೂ ಎಂಟೇ ಇಟ್ರೆ ನನಗೂ ಜವಾನನಿಗೂ ಏನ್ರೀ ವ್ಯತ್ಯಾಸ?"

ಪ್ರಶ್ನೆ ನ್ಯಾಯವಾದದ್ದೇ. ಮಧ್ಯಾಹ್ನದೊಳಗೆ ಸುತ್ತೋಲೆ ಹೊರಬಿತ್ತು: "ಎಂಟನೇ ನಂಬರನ್ನು ನಿರ್ದೇಶಕರಿಗೆ ಮೀಸಲಿಡಲಾಗಿದೆ. ಉಪನಿರ್ದೇಶಕರೂ ಸೇರಿದಂತೆ ಉಳಿದವರು ಎರಡು ಅಥವಾ ಇಪ್ಪತ್ತೆರಡರಲ್ಲಿ ತೃಪ್ತರಾಗತಕ್ಕದ್ದು."

ಮೊದಲ ಪೆಟ್ಟು ಬಿದ್ದದ್ದು ಕ್ಯಾಂಟೀನಿನ ಅಡುಗೆಯಕ್ಕನಿಗೆ. ಗೇಟಿನ ಕಾವಲುಗಾರ ಚೀಟಿಯ ಮಬ್ಬು ಫೋಟೋವನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿ, "ಇದು ನೀನಲ್ಲ ಬಿಡಕ್ಕ" ಎಂದ. ದಿನಾ ಆಕೆ ಮಾಡಿದ್ದನ್ನೇ ಉಣ್ಣುವವನು.

"ಅಯ್ಯೋ, ನಾನೇ ಕಣೋ. ಈ ಕೆಲಸ ಹೋದ್ರೆ ಮಕ್ಕಳ ಹೊಟ್ಟೆಗೆ ಏನು ಹಾಕ್ಲಿ?"

"ನೀನೇ ಅಂತ ನನಗೆ ಗೊತ್ತು. ಚೀಟಿಗೆ ಗೊತ್ತಾಗ್ಬೇಕಲ್ಲ?"

ಆಕೆ ಬಿಸಿಲಲ್ಲೇ ಕೂತು ಅತ್ತಳು. ನಮಗೂ ಸಂಕಟವಾಯಿತು, ಊಟದ ಹೊತ್ತು ಬೇರೆ ಆಗುತ್ತಾ ಬಂದಿತ್ತು. ಕೊನೆಗೆ ಆಕೆಗೇ ರೇಗಿಹೋಯಿತು. "ನಿನ್ನ ಆ ಕನ್ನಡಕ ತೆಗೆದು ನೋಡಪ್ಪ!"

ಅವನಿಗೆ ಹತ್ತಿರದ್ದು ಕಾಣುತ್ತದೆ, ದೂರದ್ದು ಕಾಣದು. ಕನ್ನಡಕ ತೆಗೆದು, ಚೀಟಿ ಕೈಯಲ್ಲೇ ಹಿಡಿದು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಚೀಟಿಗೂ ಮುಖಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಕ್ಕ ಸೀದಾ ಒಲೆ ಹಚ್ಚಲು ಓಡಿದಳು. ಹಸಿದಿದ್ದ ಉಪನಿರ್ದೇಶಕರು ತಕ್ಷಣ ಆದೇಶ ಹೊರಡಿಸಿದರು: "ತಪಾಸಣೆಯ ವೇಳೆ ಕನ್ನಡಕ ಧರಿಸುವುದನ್ನು ಕರ್ತವ್ಯಲೋಪವೆಂದು ಪರಿಗಣಿಸಲಾಗುವುದು."

ಮರುದಿನ ನಿರ್ದೇಶಕರು ಕಾರಿನಿಂದಿಳಿದರು. ಆದೇಶದಂತೆ ಕನ್ನಡಕ ತೆಗೆದಿಟ್ಟಿದ್ದ ಕಾವಲುಗಾರ ಅವರ ಚೀಟಿಯನ್ನು ಮೂಗಿನ ಹತ್ತಿರ ಹಿಡಿದು, ಅವರನ್ನು ದೂರದಿಂದ ನೋಡಿ ಕೈಮುಗಿದ. "ಕ್ಷಮಿಸಿ ಸಾರ್. ಚೀಟಿಯಲ್ಲಿರೋರಿಗೆ ಮುಖ ಇದೆ."

"ಎರಡನೇ ನಂಬರಲ್ಲಿ ಇನ್ನೊಂದು ಫೋಟೋ ತೆಗೆಸಿಬಿಡಿ ಸಾರ್, ಐದು ನಿಮಿಷದ ಕೆಲಸ" ಎಂದರು ಉಪನಿರ್ದೇಶಕರು.

"ಜವಾನನ ನಂಬರಿನಲ್ಲಾ? ಪ್ರಾಣ ಹೋದರೂ ಆಗಲ್ಲ."

ಹಾಗಾಗಿ ಅವರ ಮೇಜು, ಕುರ್ಚಿ, ಫೋನು ಗೇಟಿನ ಹೊರಗೆ ಬಂದವು. ಕಡತಗಳು ಅಲ್ಲಿಗೇ ಹೋಗಿ ಸಹಿಯಾಗಿ ಬರುತ್ತವೆ. ಮಳೆಗಾಲಕ್ಕೆಂದು ಛತ್ರಿ ಹಿಡಿಯುವ ಹುದ್ದೆಯೊಂದು ಮಂಜೂರಾಗಿದೆ. ಅಡುಗೆಯಕ್ಕ ಅವರಿಗೆ ಚಹಾ ಕೊಟ್ಟು, ತನ್ನ ಮಬ್ಬು ಚೀಟಿ ತೋರಿಸಿ ಸಲೀಸಾಗಿ ಒಳಗೆ ಬರುತ್ತಾಳೆ.

ಸಾಹೇಬರು ಸದ್ಯದಲ್ಲೇ ನಿವೃತ್ತರಾಗುತ್ತಾರೆ. ಎಂಟನೇ ನಂಬರು ತಮಗೇ ಬೇಕೆಂದು ಈಗಲೇ ಅರ್ಜಿಗಳು ರಾಶಿ ಬಿದ್ದಿವೆ. ನನ್ನದೂ ಅದರಲ್ಲಿದೆ.