ಏನನ್ನೂ ಇಟ್ಟುಕೊಳ್ಳದ ಪ್ಯಾರಿಟಿ ಡಿಸ್ಕಿಗೆ ಒಂದು ಸವಿನಯ ದೂರು

ಮಾನ್ಯರೇ,

ಬಟ್ಟೆ ಒಗೆಯುವ ಯಂತ್ರದ ಪಕ್ಕದ ಕಬ್ಬಿಣದ ಕಪಾಟಿನಲ್ಲಿ, ಕಪ್ಪು ತಗಡಿನ ಪೆಟ್ಟಿಗೆಯೊಳಗೆ, ಎಲ್ಲರಿಗಿಂತ ಕೆಳಗಿನ ಖಾನೆಯಲ್ಲಿ ಬಿಜಯಂಗೈದಿರುವ ತಮ್ಮ ಸನ್ನಿಧಿಗೆ, ಕೃತಕ ಹಲ್ಲಿನ ಸೆಟ್ಟು ತಯಾರಿಸಿ ಹೊಟ್ಟೆ ಹೊರೆಯುವ ಈ ಬಡಪಾಯಿಯ ಅನಂತ ನಮಸ್ಕಾರಗಳು. ತಮ್ಮ ತಿರುಗಾಟ ಸುಗಮವಾಗಿದೆಯೆಂದೂ, ಮೈ ಬಿಸಿ ಮಿತಿಯಲ್ಲಿದೆಯೆಂದೂ, ಮೇಲಿನ ಖಾನೆಗಳ ನಾಲ್ವರು ಸಹೋದರ ಡಿಸ್ಕುಗಳು ತಮ್ಮನ್ನು ಗೌರವದಿಂದ ನಡೆಸಿಕೊಳ್ಳುತ್ತಿದ್ದಾರೆಂದೂ ಭಾವಿಸಿ, ಭಾರವಾದ ಮನಸ್ಸಿನಿಂದ ಈ ದೂರನ್ನು ತಮ್ಮ ಮುಂದಿಡುತ್ತಿದ್ದೇನೆ.

ಈ ಪತ್ರ ಬಹಿರಂಗವಾದ್ದರಿಂದ, ತಮ್ಮ ಪರಿಚಯವಿಲ್ಲದ ಓದುಗರಿಗಾಗಿ ನಾಲ್ಕು ಮಾತು ಹೇಳಬೇಕು. ನಮ್ಮ ಮನೆಯ ಫೋಟೊ, ಕಾಗದಪತ್ರ, ಧ್ವನಿಮುದ್ರಣಗಳೆಲ್ಲ ಈ ಪೆಟ್ಟಿಗೆಯ ನಾಲ್ಕು ಡಿಸ್ಕುಗಳಲ್ಲಿವೆ. ಐದನೆಯವರಾದ ತಮ್ಮಲ್ಲಿ ಒಂದು ಫೋಟೊ ಕೂಡ ಇಲ್ಲ. ತಾವು ಒಟ್ಟು ಕುಟುಂಬದ ಸೋದರತ್ತೆಯ ಹಾಗೆ: ಸ್ವಂತಕ್ಕೆ ಏನೂ ಇಟ್ಟುಕೊಳ್ಳದೆ, ಉಳಿದವರೆಲ್ಲರ ಗುಟ್ಟು ಸೇರಿಸಿದರೆ ಎಷ್ಟಾಗುತ್ತದೆಂಬ ಮೊತ್ತವನ್ನು ಮಾತ್ರ ನೆನಪಿಟ್ಟುಕೊಂಡಿರುತ್ತೀರಿ. ನಾಲ್ವರಲ್ಲಿ ಒಬ್ಬರು ಕಣ್ಣು ಮುಚ್ಚಿದರೆ, ಉಳಿದ ಮೂವರನ್ನು ಕೂರಿಸಿಕೊಂಡು, ತಮ್ಮ ಮೊತ್ತದಿಂದ ಅವರ ಮಾತುಗಳನ್ನು ಕಳೆದು, ಹೋದವರು ಏನು ಹೇಳುತ್ತಿದ್ದರೆಂಬುದನ್ನು ಅಕ್ಷರ ಬಿಡದೆ ಹೇಳಬಲ್ಲಿರಿ. ಇಂಥ ಒಬ್ಬರು ಮನೆಯಲ್ಲಿರುವಾಗ ಇನ್ನೊಂದು ಪ್ರತಿ ಮಾಡಿಡುವುದು ತಮಗೆ ಮಾಡುವ ಅವಮಾನವೆಂದೇ ನಾನು ತಿಳಿದಿದ್ದೆ.

ಇನ್ನು ನನ್ನ ಅಕ್ಕನ ವಿಷಯ. ಆಕೆ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಫೋನು ಹಿಡಿದು ಕೂತವಳು. ಹೋದ ವರ್ಷ ಆಕೆಯ ಗಂಟಲಲ್ಲಿ ಗಂಟು ಕಾಣಿಸಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದ ವೈದ್ಯರು, ಅಷ್ಟರೊಳಗೆ ದನಿಯನ್ನು ಮುದ್ರಿಸಿಟ್ಟುಕೊಂಡರೆ ಮುಂದೆ ಒಂದು ಸಣ್ಣ ಯಂತ್ರ ಅದೇ ದನಿಯಲ್ಲಿ ಆಕೆಯ ಪರವಾಗಿ ಮಾತಾಡೀತೆಂದೂ ಹೇಳಿದರು. ನನ್ನ ಹೆಂಡತಿ ಪರದೆ ಹೊಲಿಯುವವಳು. ಅವಳ ಬಟ್ಟೆಯ ಕೋಣೆಯಲ್ಲಿ ನಾಲ್ಕೂ ಗೋಡೆಗೆ ಥಾನುಗಳು ಇಳಿಬಿದ್ದು ಸದ್ದೆಲ್ಲ ಇಂಗಿಹೋಗುತ್ತಿದ್ದರಿಂದ, ಅಕ್ಕ ಅಲ್ಲೇ ಕೂತು ಹತ್ತೊಂಬತ್ತು ದಿನ ಓದಿದಳು. ಧ್ವನಿ ತಯಾರಿಸುವ ಸಂಸ್ಥೆಯವರು ಕೊಟ್ಟದ್ದು ಸಾವಿರದಾರುನೂರು ವಾಕ್ಯ. ಎಲ್ಲ ಅಕ್ಷರಗಳೂ ಬರಲಿ ಎಂದು ಬರೆದವಾದ್ದರಿಂದ ಒಂದಕ್ಕೂ ತಲೆಬುಡವಿರಲಿಲ್ಲ: ‘ಹಳದಿ ಛತ್ರಿಯ ಝಳಪಿಗೆ ಡೊಂಕು ಮಂಚ ನಕ್ಕಿತು’ ಎಂಬ ಧಾಟಿಯವು. ಕೊನೆಯ ದಿನ ದನಿ ಕಟ್ಟಿ, ಪ್ರತಿ ವಾಕ್ಯಕ್ಕೂ ನೀರು ಕುಡಿಯುತ್ತ, ತನ್ನದೇ ನಲವತ್ತು ಮಾತುಗಳನ್ನು ಸೇರಿಸಿದಳು: ‘ಹಾಗಲ್ಲ ಕಣೋ’, ‘ಸಾಕು ನಿನ್ನ ಪುರಾಣ’, ‘ಊಟ ಆಯ್ತಾ?’ ಮುಂತಾಗಿ. ಮರುವಾರ ಶಸ್ತ್ರಚಿಕಿತ್ಸೆಯಾಯಿತು. ಅಂದಿನಿಂದ ಆಕೆ ಮಕ್ಕಳ ಬಿಳಿ ಹಲಗೆಯ ಮೇಲೆ ಬರೆದು ಮಾತಾಡುತ್ತಾಳೆ. ಆ ಸಾವಿರದಾರುನೂರ ನಲವತ್ತು ತುಣುಕುಗಳು ಇದ್ದದ್ದು ಮೂರನೇ ಡಿಸ್ಕಿನಲ್ಲಿ, ತಮ್ಮ ಕಾವಲಿನಲ್ಲಿ.

ಮೂರು ತಿಂಗಳ ಬಳಿಕ ಸಂಸ್ಥೆಯಲ್ಲಿ ಅಕ್ಕನ ಸರದಿ ಬಂತು. ಮುಂದಿನ ಸೋಮವಾರದೊಳಗೆ ಎಲ್ಲವನ್ನೂ ಕಳಿಸಬೇಕೆಂದು ಅಲ್ಲಿನ ಧ್ವನಿ ತಜ್ಞೆ ಫೋನು ಮಾಡಿ, “ಸರ್, ಎಲ್ಲದಕ್ಕೂ ಇನ್ನೊಂದು ಕಾಪಿ ಇದೆ ತಾನೆ?” ಎಂದು ಕೇಳಿದರು. ನಾನು ಎದೆಯುಬ್ಬಿಸಿ, “ಪ್ಯಾರಿಟಿ ಇದೆ ಮೇಡಂ” ಎಂದೆ. ಆ ಕಡೆಯಿಂದ, “ಅದು ಕಾಪಿ ಅಲ್ಲ ಸರ್” ಎಂಬ ಮಾತು ಬಂತು. ತಮ್ಮ ಘನತೆ ಬಲ್ಲವರು ಎಷ್ಟು ಕಡಿಮೆ ಎಂದು ಮರುಗಿ ಫೋನಿಟ್ಟೆ.

ಮಂಗಳವಾರ ಬೆಳಗ್ಗೆ ಕಂಪ್ಯೂಟರಿನಲ್ಲಿ ಪೆಟ್ಟಿಗೆಯ ಪುಟ ತೆರೆದರೆ, ತಮ್ಮ ಹೆಸರಿನ ಮುಂದೆ ಕೆಂಪು ಕತ್ತರಿ ಗುರುತು! ಪ್ಯಾರಿಟಿ ನಿಷ್ಕ್ರಿಯ. ಮುನ್ಸೂಚನೆ ಇಲ್ಲ, ರಜೆ ಅರ್ಜಿ ಇಲ್ಲ. ಪೆಟ್ಟಿಗೆಯನ್ನು ಆರಿಸಿ ಹಚ್ಚಿದೆ, ಗುರುತು ಹೋಗಲಿಲ್ಲ. ಮತ್ತೆ ಆರಿಸಿದೆ, ಮತ್ತೆ ಹಚ್ಚಿದೆ. ಇಂಥ ಪೆಟ್ಟಿಗೆ ಇಟ್ಟುಕೊಂಡವರ ವೇದಿಕೆಯೊಂದರಲ್ಲಿ ಗೋಳು ತೋಡಿಕೊಂಡಾಗ, ‘ಹಳೇ ಮೊಳೆ’ ಎಂಬ ಅಡ್ಡಹೆಸರಿನ ಹಿರಿಯರೊಬ್ಬರು, “ಏನೂ ಮುಟ್ಬೇಡಿ. ಆರಿಸಿ ಹಚ್ಚೋದು ನಿಲ್ಸಿ. ಮೊದಲು ಡಿಸ್ಕಿನ ಆರೋಗ್ಯ ವರದಿ ಕಳ್ಸಿ, ನೋಡಿ ಹೇಳ್ತೀನಿ” ಎಂದು ಬರೆದರು. ಬೇಡವೆಂದದ್ದನ್ನೆಲ್ಲ ಅಷ್ಟರಲ್ಲಿ ಮಾಡಿ ಮುಗಿಸಿದ್ದ ನನಗೆ ಅವರ ಸಲಹೆ ತೀರಾ ನಿಧಾನದ್ದೆನಿಸಿತು. ವರದಿ ಕಳಿಸುವ ಬದಲು ಹೊಸ ಡಿಸ್ಕು ತರಿಸಿ, ಶುಕ್ರವಾರ ತಮ್ಮನ್ನು ಖಾನೆಯಿಂದ ಎಳೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ನನ್ನ ಹೆಂಡತಿ ತನ್ನ ಅಳತೆ ಚೀಟಿಗಳು ಹಾರದಂತೆ ಅವುಗಳ ಮೇಲೆ ತಮ್ಮನ್ನು ಹೇರಿದಳು. ಆ ಕೆಲಸವನ್ನು ತಾವು ಒಂದು ದೋಷವೂ ಇಲ್ಲದೆ ನಿರ್ವಹಿಸಿದಿರೆಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಶನಿವಾರ ಬೆಳಗ್ಗೆ, ಹೊಸಬರು ನಾಲ್ವರನ್ನೂ ಓದಿ ಮೊತ್ತ ಬರೆದುಕೊಳ್ಳುವ ಕೆಲಸಕ್ಕೆ ತೊಡಗಿದರು. ನೂರಕ್ಕೆ ಆರರಷ್ಟು ಮುಗಿಯುವಷ್ಟರಲ್ಲಿ ಅವರಿಗೂ ಕೆಂಪು ಕತ್ತರಿ ಬಿತ್ತು. ತಾವೇ ಕಿಟಕಿಯಿಂದ ಅವರ ಕಿವಿಯೂದಿರಬೇಕೆಂದು ಶಪಿಸುತ್ತಿರುವಾಗಲೇ ಮೂರನೇ ಡಿಸ್ಕು ಪಟ್ಟಿಯಿಂದಲೇ ಮಾಯವಾಯಿತು. ಮಾನ್ಯರೇ, ಪ್ಯಾರಿಟಿ ಇದ್ದಿದ್ದರೆ ಮೂರನೆಯವರ ಮಾತನ್ನು ಅದು ಹೇಳುತ್ತಿತ್ತು. ಈಗ ಪ್ಯಾರಿಟಿಯೇ ಇಲ್ಲ. ಪೆಟ್ಟಿಗೆಯನ್ನು ಮತ್ತೊಮ್ಮೆ ಹಚ್ಚಿದಾಗ ಮೂರನೆಯವರು ತೊದಲುತ್ತ ಬಂದರು, ಆದರೆ ಒಳಗಿನ ಕಡತಗಳಿಗೆ ಬಾಗಿಲು ತೆರೆಯಲಿಲ್ಲ. ‘ದುರಸ್ತಿ ಮಾಡಲೇ?’ ಎಂದು ಪರದೆ ಕೇಳಿತು. ಹಲ್ಲಿನ ಸೆಟ್ಟಿನಲ್ಲಿ ಕೂದಲೆಳೆ ವ್ಯತ್ಯಾಸವಾದರೂ ಮೂರು ಸಲ ಅಳೆಯುವ ಈ ಮಹಾಶಯ, ಅಲ್ಲಿ ಮಾತ್ರ ಏನೂ ಅಳೆಯದೆ ‘ಹೌದು’ ಒತ್ತಿದ. ಅರ್ಧಕ್ಕೇ ದುರಸ್ತಿ ನಿಂತು, ಮೂರನೆಯವರು ಮತ್ತೆ ಮಾಯವಾದರು.

ಶನಿವಾರ ಮಧ್ಯಾಹ್ನ ಅಕ್ಕ ನಮ್ಮ ಮನೆಗೆ ಬರುವ ವಾಡಿಕೆ. ಹೇಗೆ ಹೇಳುವುದೆಂದು ತಿಳಿಯದೆ ನಾನು ಬಟ್ಟೆ ಒಗೆಯುವ ಯಂತ್ರಕ್ಕೆ ಒರಗಿ ನೆಲದ ಮೇಲೆ ಕೂತಿದ್ದೆ. ಆಕೆ ಬಂದು, ನನ್ನ ಮುಖ ನೋಡಿ, ಪೆಟ್ಟಿಗೆಯ ಕಡೆ ಗಲ್ಲ ಎತ್ತಿ ‘ಏನು’ ಎಂದು ಸನ್ನೆ ಮಾಡಿದಳು. “ಅಕ್ಕಾ, ನಿನ್ನ ದನಿ ಹೋಯ್ತು ಕಣೇ” ಎಂದುಬಿಟ್ಟೆ. ಆಕೆ ಕತ್ತಿಗೆ ಸುತ್ತಿದ್ದ ವಸ್ತ್ರವನ್ನೊಮ್ಮೆ ಮುಟ್ಟಿಕೊಂಡು, ಹಲಗೆಯ ಮೇಲೆ ಬರೆದಳು: “ಅದು ಹೋಗಿ ಮೂರು ತಿಂಗಳಾಯ್ತು. ಈಗೇನಾಯ್ತು ಹೇಳು.”

ಹೇಳಿದೆ. ತಮ್ಮ ವಿಶ್ವಾಸದ್ರೋಹದಿಂದ ಹಿಡಿದು ಹೊಸಬರ ಅಸಹಕಾರ, ತಯಾರಕರ ಕಳಪೆತನ, ವಿದ್ಯುತ್ ಇಲಾಖೆಯ ಪಿತೂರಿಯವರೆಗೆ ಎಲ್ಲವನ್ನೂ ಹೇಳಿದೆ. ಆಕೆಯ ಕಣ್ಣಲ್ಲಿ ನೀರು ಬಂದದ್ದನ್ನು ಕಂಡೆ, ಒರೆಸಿಕೊಂಡದ್ದನ್ನೂ ಕಂಡೆ. ಆಮೇಲೆ ಸ್ಟೂಲು ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಕಚೇರಿಯಲ್ಲಿ ಕೂತ ಹಾಗೇ ಕೂತಳು. “ಯಾವತ್ತಿಂದ?” ಎಂದು ಬರೆದಳು. ಮಂಗಳವಾರದಿಂದ ಎಂದೆ. ಒರೆಸಿ, “ಅದಕ್ಕೆ ಮುಂಚೆ ಏನಾದ್ರೂ ಮುಟ್ಟಿದ್ಯಾ?” ಎಂದು ಬರೆದಳು. ದೇವರಾಣೆ ಮುಟ್ಟಿಲ್ಲ ಎಂದೆ. “ಎಲ್ರೂ ಹಾಗೇ ಹೇಳೋದು” ಎಂದು ಬರೆದು, ಹಲಗೆಯನ್ನು ನನ್ನ ಹೆಂಡತಿಯ ಕಡೆ ತಿರುಗಿಸಿದಳು.

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ, “ಭಾನುವಾರ ಅದಕ್ಕೆ ಜಡೆ ಹಾಕಿದ್ರಲ್ಲ ರೀ” ಎಂದಳು.

ಮಾನ್ಯರೇ, ಇದು ಬಹಿರಂಗ ಪತ್ರವಾದ್ದರಿಂದ ಬಹಿರಂಗವಾಗಿಯೇ ಒಪ್ಪಿಕೊಳ್ಳುತ್ತೇನೆ. ಸಾಲು ತಪ್ಪಿದ್ದನ್ನು ಕಂಡರೆ ಸಹಿಸದ ವೃತ್ತಿ ನನ್ನದು. ಪೆಟ್ಟಿಗೆಯ ಹಿಂದೆ ತಂತಿಗಳು ಹೇಗೆ ಬೇಕೋ ಹಾಗೆ ಜೋತಾಡುತ್ತಿದ್ದವು. ಭಾನುವಾರ ಅವನ್ನೆಲ್ಲ ಒತ್ತಟ್ಟಿಗೆ ಸೇರಿಸಿ, ಮೂರೆಳೆ ಹೆಣೆದು, ಹದಿನಾಲ್ಕು ಕೇಬಲ್ ಟೈ ಬಿಗಿದು, ಅಂದ ನೋಡಿ ಫೋಟೊ ಕೂಡ ತೆಗೆದಿದ್ದೆ. ತಮಗೂ ಮೂರನೆಯವರಿಗೂ ವಿದ್ಯುತ್ತು ಬರುವುದು ಒಂದೇ ತಂತಿಯ ಎರಡು ಕವಲುಗಳಿಂದ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆ ಕವಲು ಕೊಂಚ ಗಿಡ್ಡವಾಗಿತ್ತು, ಜಡೆಯ ಸಾಲಿಗೆ ಬರಲೆಂದು ಜಗ್ಗಿದ್ದೆ.

ಅಕ್ಕ ಹಲಗೆಯ ತುಂಬ ಬರೆದಳು: “ನಲ್ಲೀಲಿ ನೀರಿಲ್ಲ ಅಂತ ಇಡೀ ಇಲಾಖೆಗೆ ಬಯ್ಯೋರು. ಕೊನೆಗೆ ನೋಡಿದ್ರೆ ಅವರ ಮನೆ ವಾಲ್ವೇ ಮುಚ್ಚಿರೋದು. ಕತ್ತರಿಸು ಅದನ್ನ.”

ಪೆಟ್ಟಿಗೆ ಆರಿಸಿದೆವು. ತನ್ನ ಬಟ್ಟೆ ಕತ್ತರಿಯಲ್ಲಿ ಯಾರಿಗೂ ಒಂದು ಕಾಗದ ಕತ್ತರಿಸಲೂ ಬಿಡದ ನನ್ನ ಹೆಂಡತಿ, ತಾನೇ ಅದನ್ನು ತಂದು, ತಾನೇ ಬಗ್ಗಿ, ಹದಿನಾಲ್ಕನ್ನೂ ಒಂದೊಂದಾಗಿ ಕತ್ತರಿಸಿದಳು. ಜಡೆ ಬಿಚ್ಚಿಕೊಂಡಿತು. ಕೈಬೆಳಕು ಹಾಕಿ ನೋಡಿದರೆ, ಕವಲಿನ ಎರಡೂ ತುದಿಗಳು ಗೂಡುಗಳಿಂದ ಉಗುರಿನಷ್ಟು ಹೊರಗೆ ಜಾರಿ, ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿದ್ದವು. ತಮ್ಮನ್ನು ನಿಷ್ಕ್ರಿಯಗೊಳಿಸಿದ್ದು ಅದು, ಹೊಸಬರ ಮಾನ ಕಳೆದದ್ದು ಅದು, ಮೂರನೆಯವರ ಬಾಯಿ ಕಟ್ಟಿದ್ದೂ ಅದೇ.

ಕವಲನ್ನು ಎಸೆದು, ಇಬ್ಬರಿಗೂ ಬೇರೆಬೇರೆ ತಂತಿ ಕೊಟ್ಟು ಹಚ್ಚಿದೆವು. ಮೂರನೆಯವರು ಬಂದರು, ಉಳಿದ ದುರಸ್ತಿ ಮುಗಿದು ಬಾಗಿಲೂ ತೆರೆಯಿತು. ಈ ಸಲ ಹಳೇ ಮೊಳೆಯವರನ್ನು ಕೇಳಿಯೇ ಮುಂದುವರಿದೆ. ಮೊತ್ತದ ಕೆಲಸ ಆಮೇಲೆ, ಮೊದಲು ಅಕ್ಕನ ಮಾತುಗಳನ್ನು ಹೊಸ ಡಿಸ್ಕಿಗೆ ಪ್ರತಿ ಮಾಡಿ ಎಂದರು, ಮಾಡಿದೆ. ಎಣಿಸಿದರೆ ಸಾವಿರದಾರುನೂರ ಇಪ್ಪತ್ತೊಂಬತ್ತು. ಹನ್ನೊಂದು ಇಲ್ಲ. ಅವನ್ನು ಕಳೆದದ್ದು ತಾವಲ್ಲ, ಮೂರನೆಯವರೂ ಅಲ್ಲ. ಅವಸರದಲ್ಲಿ ‘ಹೌದು’ ಒತ್ತಿದ ಬೆರಳು. ಇನ್ನೊಮ್ಮೆ ಓದಿಸಲು ಗಂಟಲಿಲ್ಲ.

ಹೋದವು ಯಾವುವೆಂದು ಅಕ್ಕ ಕೇಳಿದಳು. ಪಟ್ಟಿ ತೆಗೆದು ಓದಿದೆ. ಹತ್ತು, ಛತ್ರಿ ಮಂಚಗಳ ಜಾತಿಯವು. ಹನ್ನೊಂದನೆಯದು ಆಕೆಯದೇ: ‘ದಯವಿಟ್ಟು ಸ್ವಲ್ಪ ಹೊತ್ತು ಲೈನಿನಲ್ಲೇ ಇರಿ.’ ನಾನು ತಲೆ ಎತ್ತಲಾರದೆ ಕೂತಿದ್ದೆ. ಹಲಗೆಯ ಅಂಚು ನನ್ನ ಮಂಡಿಗೆ ತಗುಲಿತು. “ಅದು ಹೋಗಿದ್ದೇ ಒಳ್ಳೇದಾಯ್ತು. ಸಾಕಾಗಿತ್ತು ನಂಗೆ” ಎಂದು ಬರೆದಿದ್ದಳು. ಆಕೆಯ ಭುಜ ಕುಲುಕುತ್ತಿದ್ದುದು ನಗುವಿಗೋ ಅಳುವಿಗೋ ಎಂದು ಆಗ ತಿಳಿಯಲಿಲ್ಲ. ಸದ್ದಿಲ್ಲದಿದ್ದರೆ ಎರಡೂ ಒಂದೇ ಥರ ಕಾಣುತ್ತವೆ.

ಮರುದಿನ, ಭಾನುವಾರ, ಹೊಸಬರನ್ನು ಹೊರತೆಗೆದು, ತಮ್ಮನ್ನು ಕಿಟಕಿಯಿಂದ ಇಳಿಸಿ, ಧೂಳೊರೆಸಿ, ಮತ್ತೆ ಅದೇ ಖಾನೆಗೆ ಬಿಜಯಂಗೈಸಿದೆ. ತಾವು ಒಂದು ಗೊಣಗಾಟವೂ ಇಲ್ಲದೆ ಹದಿನೇಳು ಗಂಟೆ ಕೂತು ನಾಲ್ವರ ಮೊತ್ತವನ್ನೂ ಹೊಸದಾಗಿ ಬರೆದುಕೊಂಡಿರಿ. ಸೋಮವಾರ ಅಕ್ಕನ ಮಾತುಗಳು ಸಂಸ್ಥೆಗೆ ಹೋದವು. ಹನ್ನೊಂದು ಕಡಿಮೆಯಾದರೆ ನಡೆಯುತ್ತದೆ ಎಂದ ಧ್ವನಿ ತಜ್ಞೆ, ಕಾಪಿಯ ಮಾತೆತ್ತದೆ ಫೋನಿಟ್ಟರು. ಸಂಸ್ಕಾರವಂತರು.

ಇಷ್ಟಾದ ಮೇಲೂ ನನ್ನ ದೂರು ದೂರೇ. ಮಾಡದ ತಪ್ಪಿಗೆ ಬೈಸಿಕೊಳ್ಳುವಾಗ ತಾವು ಒಂದು ಮಾತಾದರೂ ಆಡಬೇಕಿತ್ತು. ಮುಂದಕ್ಕೆ ನಾನು ಕೇಬಲ್ ಟೈ ಹಿಡಿದು ಹತ್ತಿರ ಬಂದರೆ, ದಯಮಾಡಿ ಆ ಕ್ಷಣವೇ ಬೆಂಕಿಯ ಗಂಟೆ ಬಾರಿಸಬೇಕು, ‘ದುರಸ್ತಿ ಮಾಡಲೇ?’ ಎಂಬ ಪ್ರಶ್ನೆಯನ್ನು ನನಗಲ್ಲದೆ ನನ್ನ ಹೆಂಡತಿಗೆ ಕೇಳಬೇಕು. ಸಾಧ್ಯವಾದರೆ ಆ ಹನ್ನೊಂದನ್ನು ತಮ್ಮ ಹಳೆಯ ಮೊತ್ತದ ಯಾವುದಾದರೂ ಮೂಲೆಯಿಂದ ನೆನಪು ಮಾಡಿಕೊಳ್ಳಬೇಕು. ಹೊಸ ಮೊತ್ತ ಬರೆಯಿಸಿ ಹಳೆಯದನ್ನು ಅಳಿಸಿದವನೂ ನಾನೇ ಎಂಬುದು ಗೊತ್ತಿದ್ದೇ ಕೇಳುತ್ತಿದ್ದೇನೆ.

ಐದು ವಾರದ ಬಳಿಕ ಅಕ್ಕನ ದನಿ ಬಂತು, ಅಂಗೈಯಷ್ಟು ದೊಡ್ಡ ಯಂತ್ರದಲ್ಲಿ. ನಾವಿಬ್ಬರೂ ಮುಂದೆ ಕೂತು, ಮೊದಲ ಮಾತು ನಮಗೇ ಎಂದು ಕಾದೆವು. ಆಕೆ ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಮೊದಲೇ ಒಂದಿಷ್ಟು ಬೆರಳಚ್ಚಿಸಿಟ್ಟುಕೊಂಡು, ಫೋನೆತ್ತಿ, ಸ್ಪೀಕರ್ ಹಾಕಿ, ತನ್ನ ಹಳೆಯ ದೂರು ವಿಭಾಗಕ್ಕೆ ಕರೆ ಮಾಡಿದಳು. ಹನ್ನೆರಡು ವರ್ಷ ಪಕ್ಕದ ಮೇಜಿನಲ್ಲಿ ಕೂತಿದ್ದ ಹೆಂಗಸು ಎತ್ತಿ, “ನಮಸ್ಕಾರ, ದೂರು ವಿಭಾಗ” ಎಂದರು. ಅಕ್ಕ ಗುಂಡಿ ಒತ್ತಿದಳು. “ನಮ್ಮನೇಲಿ ಬೆಳಗ್ಗೆಯಿಂದ ನೀರು ಬರ್ತಿಲ್ಲಮ್ಮ, ವಿಳಾಸ ಬರ್ಕೊಳ್ಳಿ” ಎಂದು ಯಂತ್ರ ಹೇಳಿತು, ತುಸು ಒರಟಾಗಿ, ತುಸು ಗಡಿಬಿಡಿಯಲ್ಲಿ, ಥೇಟು ಅಕ್ಕನ ಹಾಗೆ. ಆಮೇಲೆ ಆ ಹೆಂಗಸು, ಮೂಗೊರೆಸಿಕೊಂಡ ದನಿಯಲ್ಲಿ, “ವಿಳಾಸ ಬೇಡ ಅಕ್ಕಾ, ಗೊತ್ತು” ಎಂದರು.

ಇನ್ನು ತಮ್ಮ ತಂತಿಗೆ ಕೈ ಹಚ್ಚೆನೆಂದು ಇಬ್ಬರು ಹೆಂಗಸರ ಮುಂದೆ ಲಿಖಿತವಾಗಿ ಒಪ್ಪಿಕೊಟ್ಟಿರುವ,

ತಮ್ಮ ವಿಶ್ವಾಸಿ,
ಹಲ್ಲು ಕಟ್ಟುವವನು

ತಾ.ಕ.: ತಮ್ಮ ಆರೋಗ್ಯ ವರದಿಯನ್ನು ಕೊನೆಗೂ ತೆರೆದು ನೋಡಿದೆ. ಮೈಯಲ್ಲಿ ಒಂದೂ ಕಲೆಯಿಲ್ಲ. ‘ಕೇಬಲ್ ದೋಷ: ನಾನೂರ ಹನ್ನೆರಡು’ ಎಂಬ ಒಂದು ಸಾಲು ಮಾತ್ರ ಇದೆ. ಡಿಸ್ಕು ಬದುಕಿರುವವರೆಗೂ ಆ ಸಂಖ್ಯೆಯನ್ನು ಯಾರೂ ಅಳಿಸಲಾರರಂತೆ. ಗಂಡಂದಿರಿಗೂ ಇಂಥದೊಂದು ವರದಿಯ ವ್ಯವಸ್ಥೆ ಇದೆಯೇ ಎಂದು ನನ್ನ ಹೆಂಡತಿ ಹಳೇ ಮೊಳೆಯವರಿಗೆ ನೇರವಾಗಿ ಪತ್ರ ಬರೆದಿದ್ದಾಳೆ. ದಯವಿಟ್ಟು ಅವರು ಉತ್ತರಿಸದಂತೆ ನೋಡಿಕೊಳ್ಳಬೇಕು.