ಏಣಿ, ಗೋಡೆ ಮತ್ತು ಕಾಸ್ ಇನ್ವರ್ಸ್

ಮಗಳು ಪ್ರಿಯಾ ಹನ್ನೆರಡನೇ ಕ್ಲಾಸಿಗೆ ಬಂದರೂ ಅವಳ ಲೆಕ್ಕದ ಮೇಷ್ಟ್ರ ಪಟ್ಟ ನನ್ನದೇ ಆಗಿತ್ತು. ಬಿಟ್ಟುಕೊಡುವ ಉದ್ದೇಶವೂ ಇರಲಿಲ್ಲ. ಬಾಲಿಗಂಜ್‌ನಲ್ಲಿ ದೋಸೆ ಹೋಟೆಲು ನಡೆಸುವವನಾದರೇನು, ಉಡುಪಿಯಲ್ಲಿ ಬಿ.ಎಸ್ಸಿ. ಮಾಡಿದವನು ನಾನು!

"ಅಪ್ಪ, ಸೈನ್ ಆಫ್ ಕಾಸ್ ಇನ್ವರ್ಸ್ ಎಕ್ಸ್. ಇದನ್ನು ಓನ್ಲಿ ಎಕ್ಸ್‌ನಲ್ಲಿ ಬರೀಬೇಕು. ಸೈನೂ ಬೇಡ, ಕಾಸೂ ಬೇಡ."

"ಅದೆಂತ ದೊಡ್ಡ ವಿಷಯ? ಮೊದಲು ಕೋನ ಎಷ್ಟೂಂತ ನೋಡು."

"ಎಕ್ಸ್ ಎಷ್ಟೂಂತಲೇ ಗೊತ್ತಿಲ್ಲ. ಆಂಗಲ್ ಹೇಗೆ ಬರ್ತದೆ?"

ಒಳ್ಳೆಯ ಪ್ರಶ್ನೆ. ನಾನು ಪುಸ್ತಕದ ಹಾಳೆ ತಿರುವತೊಡಗಿದೆ. ಹೆಂಡತಿ ಶೈಲಾ ಅಡಿಗೆಮನೆಯಿಂದಲೇ, "ಕೆಳಗಿನ ಮನೆ ಬಂಗಾಳಿ ಲೆಕ್ಕದ ಮೇಷ್ಟ್ರು ಮಾಸ್ಟರ್‌ಮೊಶಾಯ್ ಹತ್ರ ಟ್ಯೂಷನ್ನಿಗೆ ಸೇರಿಸುವ ಮಾರಾಯ್ರೆ" ಎಂದಳು. ನನಗೆ ಮೈ ಉರಿಯಿತು. ಆಗ ಕಣ್ಣಿಗೆ ಬಿತ್ತು, ಅಟ್ಟದಿಂದ ಕೇಟರಿಂಗ್ ಪಾತ್ರೆ ಇಳಿಸುವ ಬಿದಿರಿನ ಏಣಿ!

ಗೋಡೆಗೆ ಒರಗಿಸಿದೆ. "ಏಣಿಯ ಉದ್ದ ಒಂದು ಅಂತಿಟ್ಟುಕೋ. ಬುಡ ಗೋಡೆಯಿಂದ ಎಕ್ಸ್ ದೂರ. ಹಾಗಾದ್ರೆ ಬುಡದ ಕೋನದ ಕಾಸ್ ಅಂದ್ರೆ ಆ ಎಕ್ಸೇ, ಕೋನವೇ ನಿನ್ನ ಕಾಸ್ ಇನ್ವರ್ಸ್ ಎಕ್ಸ್. ಸೈನ್ ಅಂದ್ರೆ ತುದಿಯ ಎತ್ತರ. ಲಂಬಕೋನ ತ್ರಿಕೋನ ಅಲ್ವಾ, ಎತ್ತರ ನೀನೇ ಹೇಳು!"

"ಒನ್ ಮೈನಸ್ ಎಕ್ಸ್ ಸ್ಕ್ವೇರ್, ಅದರ ರೂಟ್! ಅಪ್ಪ, ಆಂಗಲ್ ಬೇಡವೇ ಬೇಡ!"

ಅವಳ ಮುಖ ನೋಡಿ ಹೊಟ್ಟೆ ತುಂಬಿತು. ಬುದ್ಧಿವಂತನಾದವನು ಅಲ್ಲಿಗೇ ನಿಲ್ಲಿಸುತ್ತಿದ್ದ.

"ಎಕ್ಸ್ ದೊಡ್ಡದು ಮಾಡ್ತಾ ಹೋದ್ರೆ?" ಎಂದಳು. ನನಗೂ ಕುತೂಹಲ. ಎತ್ತರ ಗುರುತು ಹಾಕಲು ಸೀಮೆಸುಣ್ಣ ಹಿಡಿದು ಏಣಿ ಹತ್ತಿದೆ. "ಬುಡ ಸ್ವಲ್ಪ ಎಳಿ!"

ಶೈಲಾ ನೆಲ ಒರೆಸಿ ಐದು ನಿಮಿಷವೂ ಆಗಿರಲಿಲ್ಲ. ಪ್ರಿಯಾ ಎಳೆದದ್ದು ಸ್ವಲ್ಪ, ಏಣಿ ಹೋದದ್ದು ಪೂರ್ತಿ. ಆಧಾರಕ್ಕೆಂದು ನಾನು ಹಿಡಿದ ಶೆಲ್ಫಿನಲ್ಲಿ ನಾಳೆಯ ದೋಸೆಹಿಟ್ಟಿತ್ತು. ಹಿಟ್ಟು, ಏಣಿ, ನಾನು, ಮೂವರೂ ನೆಲಕ್ಕೆ. ಎಕ್ಸ್ ಒಂದಾಯಿತು, ಎತ್ತರ ಸೊನ್ನೆಯಾಯಿತು. ಸೂತ್ರ ಸರಿಯಾಗಿತ್ತು!

ಸದ್ದಿಗೆ ಓಡಿ ಬಂದವರು ಬೇರೆ ಯಾರೂ ಅಲ್ಲ, ಮಾಸ್ಟರ್‌ಮೊಶಾಯ್. ಪ್ರಿಯಾ ಎಲ್ಲ ವಿವರಿಸಿದಳು. ಅವರು ನಗದೆ, ಗಂಭೀರವಾಗಿ ಹಿಂದಿಯಲ್ಲಿ ಕೇಳಿದರು: "ಎಕ್ಸ್ ಮೈನಸ್ ಆದರೆ ಏಣಿ ಎಲ್ಲಿಡುತ್ತೀರಿ?"

ಹಿಟ್ಟಿನಲ್ಲೇ ಕೂತು ಯೋಚಿಸಿದೆ. ನಿಜವಾಗಿಯೂ ಎಲ್ಲಿ?

"ಗೋಡೆಯ ಆಚೆ ಬದಿಗೆ!" ಪ್ರಿಯಾ ಕುಣಿದಳು. "ಎತ್ತರ ಅಷ್ಟೇ ಇರ್ತದೆ! ಸರ್, ನಾಳೆಯಿಂದ ನಾನು ಬರ್ಲಾ?"

ಪಟ್ಟ ಹೋಯಿತು. ಎರಡು ದಿನ ಸಂಕಟಪಟ್ಟೆ, ಮೂರನೇ ದಿನ ತಡೆಯಲಾರದೆ ನಾನೂ ಹೋಗಿ ಸೇರಿಕೊಂಡೆ. ಅವಳು ಮುಂದಿನ ಸಾಲು, ನಾನು ಗೋಡೆ ಬದಿ. ಸಂಶಯ ಕೇಳಲು ನಾನು ಕೈ ಎತ್ತಿದರೆ ಸಾಕು, ಪ್ರಿಯಾಳ ಪಕ್ಕದ ಹುಡುಗಿ ಅವಳಿಗೆ "ಆ ಅಂಕಲ್ ಯಾರು?" ಎನ್ನುತ್ತಾಳೆ. ಮಗಳು ತಿರುಗಿಯೂ ನೋಡದೆ, "ಗೊತ್ತಿಲ್ಲ" ಎನ್ನುತ್ತಾಳೆ!